‘ಮನೆ’ಯಿಂದ ಬಂದ ಉತ್ತರ

ತೃಪ್ತಿ ಬಾಗಿಲಲ್ಲಿ ನಿಂತಿದ್ದಾಗ ಅವಳ ಕೈಯಲ್ಲಿದ್ದ ಕೊಡೆ ಒಣಗಿತ್ತು. ಅವಳು ಮಾತ್ರ ಅಡಿಯಿಂದ ಮುಡಿಯವರೆಗೆ ತೊಯ್ದು ತೊಪ್ಪೆಯಾಗಿದ್ದಳು.

“ಕೊಡೆ ಬಿಡಿಸ್ಲಿಕ್ಕೂ ನೆನಪಾಗದಷ್ಟು ಎಂತ ಆಯ್ತು ಮಗಾ? ಮೊದಲು ತಲೆ ಒರೆಸಿಕೋ,” ಎನ್ನುತ್ತ ದಮಯಂತಿಯಕ್ಕ ಟವೆಲನ್ನು ಅವಳ ಕಡೆಗೆ ಎಸೆದರು.

ಸೀವುಡ್ಸ್‌ನ ನಮ್ಮ ಕಟ್ಟಡದಲ್ಲಿ ಅವರದೂ ನನ್ನದೂ ಎದುರುಬದುರು ಬಾಗಿಲು. ಬ್ಯಾಂಕೊಂದರಲ್ಲಿ ವಂಚನೆಗಳ ಬೆನ್ನು ಹತ್ತುವ ವಿಭಾಗವನ್ನು ಬಹುಕಾಲ ನಡೆಸಿ ನಿವೃತ್ತರಾದ ದಮಯಂತಿಯಕ್ಕನಿಗೆ ಒಗಟೊಂದು ಕೈಯಲ್ಲಿಲ್ಲದಿದ್ದರೆ ಬೆಳಗಿನ ಚಹಾ ರುಚಿಸುವುದಿಲ್ಲ. ನಾನು ಭುಜಂಗ, ಮುಂಬಯಿಯ ಕನ್ನಡ ಮಾಸಿಕವೊಂದಕ್ಕೆ ಕರಡು ತಿದ್ದುತ್ತೇನೆ. ಅವರು ಹೊರಟಲ್ಲಿಗೆಲ್ಲ ಹೊರಡುವುದು, ಕಂಡದ್ದನ್ನು ಬರೆದಿಡುವುದು ನನ್ನ ಎರಡನೆಯ ಉದ್ಯೋಗ.

ತೃಪ್ತಿ ಅವರ ಗೆಳತಿಯ ಮಗಳು. ಸಾನಪಾಡಾದಲ್ಲಿ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಳು. ಅವರು ಕಟ್ಟುತ್ತಿದ್ದ ವಸ್ತುವಿನ ಹೆಸರು ‘ದನಿ’. ಗಂಟಲಿನ ಕಾಯಿಲೆಯಿಂದ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರ ಮಾತನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಅವರು ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅವರದೇ ಹಳೆಯ ಸ್ವರದಲ್ಲಿ ಆಡಿಸುವ ಸಾಫ್ಟ್‌ವೇರ್ ಅದು. ಶುಕ್ರವಾರ ಠಾಣೆಯ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ. ಮೊದಲ ರೋಗಿ ಕಲ್ಯಾಣದ ಹೋಟೆಲ್ ಮಾಲೀಕ ದೇವದಾಸ್.

“ನಿನ್ನೆ ಸಂಜೆ ಒಂದು ಮೇಲ್ ಬಂತು ಆಂಟಿ,” ಎಂದು ತೃಪ್ತಿ ಫೋನ್ ಮುಂದೆ ಹಿಡಿದಳು. “ಹೆಸರಿಲ್ಲ. ‘ಶುಕ್ರವಾರದ ಪರೀಕ್ಷೆ ನಿಲ್ಲಿಸಿ, ಇಲ್ಲದಿದ್ದರೆ ಇದು ಪೇಪರಿಗೆ ಹೋಗ್ತದೆ’ ಅಂತ. ಕೆಳಗೆ ದೇವದಾಸ್ ಅಂಕಲ್‌ನ ಕಾಯಿಲೆಯ ವಿವರ, ಅವರ ಮನೆಯೊಳಗಿನ ಒಂದು ಜಗಳದ ಮಾತು. ಅಕ್ಷರ ಅಕ್ಷರ ಹಾಗೇ ಪರೀಕ್ಷೆಯ ತಯಾರಿಗೆ ನಿನ್ನೆ ಮಧ್ಯಾಹ್ನ ನಾನೇ ಟೈಪ್ ಮಾಡಿದ್ದು!”

“ಯಾರಿಗೆ ಟೈಪ್ ಮಾಡಿದ್ದು?”

“ಯಾರಿಗೂ ಅಲ್ಲ, ಅದೇ ತಮಾಷೆ. ಕೋಡ್ ಬರೆಯುವ ನಮ್ಮ ಸಾಫ್ಟ್‌ವೇರಿನ ಒಳಗೇ ಎಐ ಸಹಾಯಕ ಉಂಟು. ನಾವು ಕೇಳಿದ ಪ್ರಶ್ನೆ ಯಾವ ಎಐಗೆ ಹೋಗಬೇಕು ಅಂತ ಮೊದಲೇ ಸೆಟ್ ಮಾಡಿಡಬೇಕು. ಆ ಸೆಟ್ಟಿಂಗ್ ನಮ್ಮೆಲ್ಲರ ಲ್ಯಾಪ್‌ಟಾಪಿಗೂ ಒಂದೇ. ಉತ್ತರ ಕೊಡುವವರಿಗೆ ಪ್ರೊವೈಡರ್ ಅಂತ ಹೇಳೋದು. ನಮ್ಮಲ್ಲಿ ಎರಡು. ಒಂದರ ಹೆಸರು ‘ಪರವೂರು’, ಅದು ಹೊರಗಿನ ದೊಡ್ಡ ಕಂಪನಿಯದ್ದು. ಇನ್ನೊಂದು ‘ಮನೆ’, ಅದು ನಮ್ಮ ಆಫೀಸಿನ ಕಪಾಟಿನಲ್ಲೇ ಇರುವ ಮಷೀನ್.”

“ಅಂದ್ರೆ ಹೋಟೆಲಿನ ಕೌಂಟರ್ ಒಂದೇ, ಅಡುಗೆಕೋಣೆ ಎರಡು.”

“ಹೌದು! ರೋಗಿಗಳ ಮಾತು ‘ಮನೆ’ಗೆ ಮಾತ್ರ ಕೊಡಬೇಕು ಅಂತ ಕಟ್ಟುನಿಟ್ಟು. ಅಲ್ಲಿಂದ ಒಂದು ಅಕ್ಷರವೂ ಆಫೀಸಿನ ಗೋಡೆ ದಾಟುವುದಿಲ್ಲ. ನಾನು ‘ಮನೆ’ಯನ್ನೇ ಆರಿಸಿದ್ದೆ, ನೂರಕ್ಕೆ ನೂರು ಖಾತ್ರಿ. ಮತ್ತೆ ಹೊರಗೆ ಹೋದದ್ದು ಹೇಗೆ?”

ದಮಯಂತಿಯಕ್ಕನ ಕಣ್ಣು ಹೊಳೆಯಿತು. ಆ ಹೊಳಪನ್ನು ಬಲ್ಲ ನಾನು ಚಪ್ಪಲಿ ಹುಡುಕತೊಡಗಿದೆ.

“ಶೈಲೇಶ್ ಆಗಲೇ ತೀರ್ಮಾನ ಮಾಡಿ ಆಗಿದೆ,” ಎಂದಳು ತೃಪ್ತಿ. ಶೈಲೇಶ್ ಅವಳ ಪಾಲುದಾರ. “ಹೊಸ ಹುಡುಗಿ ಮಾನಸಿಯೇ ಕಳ್ಳಿ ಅಂತಾನೆ. ಇವತ್ತೇ ತೆಗೀಬೇಕಂತೆ. ನನಗೆ ನಂಬಿಕೆ ಬರುವುದಿಲ್ಲ. ನಾನು ನಿನ್ನೆ ಟೈಪ್ ಮಾಡುವಾಗ ಅವಳು ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.”

“ಸೆಟ್ಟಿಂಗ್ ಯಾರಾದ್ರೂ ನೋಡಿದ್ರಾ?”

“ಯೋಗೀಶ್ ನೋಡಿದ. ನಮ್ಮ ಹಿರಿಯ ಎಂಜಿನಿಯರ್. ‘ಮನೆ’ ಹೆಸರಿನ ಮುಂದೆ ಹಸಿರು ಚುಕ್ಕೆ ಉಂಟು, ಎಲ್ಲ ಸರಿ ಉಂಟು ಅಂದ. ಶೈಲೇಶನೂ ಇಣುಕಿ ನೋಡಿದ. ಸರಿ ಇಲ್ಲದೆ ಎಂತ? ಒಂದು ವಾರದಿಂದ ‘ಮನೆ’ ಹಿಂದಿಗಿಂತ ಚುರುಕಾಗಿದೆ. ಮೊದಲು ಪ್ರಶ್ನೆ ಕೇಳಿ ಚಹಾ ಕುಡಿದು ಬರಬಹುದಿತ್ತು. ಯೋಗೀಶ್ ಅದಕ್ಕೆ ಹಗುರದ ಹೊಸ ಮಾಡೆಲ್ ಹಾಕಿದ್ದಾನೆ, ಈಗ ಕೇಳುವುದರೊಳಗೆ ಉತ್ತರ.”

“ಭುಜಂಗಣ್ಣ, ಹೊರಡಿ,” ಎಂದರು ದಮಯಂತಿಯಕ್ಕ. ನಾನು ಆಗಲೇ ಲಿಫ್ಟಿನ ಗುಂಡಿ ಒತ್ತಿದ್ದೆ.

ಸಾನಪಾಡಾದ ಆಫೀಸು ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಆದರೆ ಆ ಮಳೆಯಲ್ಲಿ ನಾವು ಈಜಿದ ಹಾಗೆಯೇ ಆಯಿತು. ನಾಲ್ಕು ಮೇಜು, ಒಂದು ಪುಟ್ಟ ಕ್ಯಾಬಿನ್, ಒಂದು ಪ್ಯಾಂಟ್ರಿ, ಮೂಲೆಯಲ್ಲಿ ಜಾಲರಿ ಬಾಗಿಲಿನ ಕಪಾಟು. ಅದರೊಳಗೆ ಸೂಟ್‌ಕೇಸ್ ಗಾತ್ರದ ಕಪ್ಪು ಮಷೀನು ಒಂದು ಸಣ್ಣ ದೀಪ ಬೆಳಗಿಸಿಕೊಂಡು ಕುಳಿತಿತ್ತು. ಅದೇ ‘ಮನೆ’.

ಶೈಲೇಶ್ ಮೂವತ್ತೈದರ ಆಸುಪಾಸಿನವನು. ಗಟ್ಟಿ ಧ್ವನಿ, ಇಸ್ತ್ರಿ ಮಾಡಿದ ಶರ್ಟು. ಹತ್ತಿರದಲ್ಲೇ ಅವನ ಫ್ಲ್ಯಾಟ್. “ಮೇಡಂ, ಇದರಲ್ಲಿ ಪತ್ತೆ ಮಾಡೋದಕ್ಕೆ ಏನೂ ಇಲ್ಲ,” ಎಂದ. “ಹೊಸಬರು ಅಂದ್ರೆ ಅವಳೊಬ್ಬಳೇ. ನಾನು ಮೊದಲೇ ಹೇಳಿದ್ದೆ, ಈ ಕಂಪನಿಯನ್ನ ದೊಡ್ಡವರಿಗೆ ಮಾರಿಬಿಡೋಣ, ನಮ್ಮ ಕೈಲಿ ಇದೆಲ್ಲ ಸಂಭಾಳಿಸೋದು ಆಗಲ್ಲ ಅಂತ. ತೃಪ್ತಿ ಕೇಳಲ್ಲ.”

“ರೋಗಿಗಳ ದನಿಯನ್ನು ಮಾರುವುದಾ?” ಎಂದು ತೃಪ್ತಿ ಸಿಡುಕಿದಳು. ಈ ಜಗಳ ಹಳೆಯದೆಂದು ನನಗೆ ತಿಳಿಯಿತು. ಪರೀಕ್ಷೆ ನಿಂತರೆ ಕಂಪನಿ ಮಾರಲು ಶೈಲೇಶನಿಗೆ ದಾರಿ ಸುಗಮ. ಮನಸ್ಸಿನಲ್ಲೇ ಅವನ ಹೆಸರಿನ ಕೆಳಗೆ ಗೆರೆ ಎಳೆದೆ.

ಯೋಗೀಶ್ ಡೊಂಬಿವ್ಲಿಯವನು. ನಿದ್ದೆಗೆಟ್ಟ ಕಣ್ಣು, ಮೆದು ಮಾತು. ನಮಗೆ ಕುರ್ಚಿ ಎಳೆದುಕೊಟ್ಟು, “ಮಾನಸಿ ಅಂಥವಳಲ್ಲ ಮೇಡಂ. ಯಾವುದೋ ಹ್ಯಾಕರ್ ಇರಬಹುದು. ನನ್ನನ್ನು ಕೇಳಿದ್ರೆ ಪರೀಕ್ಷೆ ಸ್ವಲ್ಪ ದಿನ ಮುಂದೆ ಹಾಕುವುದೇ ಒಳ್ಳೆಯದು,” ಎಂದ.

“ದನಿ ತಯಾರಾಗಿದೆಯಾ?” ಎಂದು ದಮಯಂತಿಯಕ್ಕ ಕೇಳಿದರು.

“ಆ ಕೆಲಸ ಪೂರಾ ಯೋಗೀಶನದ್ದೇ,” ಎಂದಳು ತೃಪ್ತಿ. “ನಾವ್ಯಾರೂ ಇನ್ನೂ ಕೇಳಿಲ್ಲ. ಶುಕ್ರವಾರ ಎಲ್ಲರಿಗೂ ಒಟ್ಟಿಗೇ ಕೇಳಿಸ್ತೇನೆ ಅಂದಿದ್ದಾನೆ.”

ಮಾನಸಿ ಮೂಲೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದಳು. ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹೆಚ್ಚಾಗಿ ಹಿಂದಿ. ಕಪಾಟಿನ ಹಿಂಬದಿಯಲ್ಲಿ ದಾರ ಕಟ್ಟಿ ತನ್ನ ಒದ್ದೆ ಸಾಕ್ಸನ್ನು ಅವಳು ನೇತುಹಾಕಿದ್ದಳು. ದಮಯಂತಿಯಕ್ಕ ಅದನ್ನು ಕುತೂಹಲದಿಂದ ನೋಡಿದರು.

“ಇಲ್ಲಿ ಯಾಕೆ ಮಗಾ?”

“ಮಷೀನ್ ಕಾ ಗರಮ್ ಹವಾ ಆತಾ ಹೈ ನಾ ಆಂಟಿ. ಪೆಹಲೇ ತೋ ಲಂಚ್ ತಕ್ ಸೂಖ್ ಜಾತಾ ಥಾ,” ಎಂದು ಅವಳು ನಾಚಿಕೊಂಡಳು. “ಅಬ್ ಶಾಮ್ ತಕ್ ಭೀ ಗೀಲಾ.” ಮಷೀನಿನ ಬಿಸಿ ಗಾಳಿಗೆ ಮೊದಲೆಲ್ಲ ಊಟದ ಹೊತ್ತಿಗೇ ಒಣಗುತ್ತಿದ್ದದ್ದು ಈಗ ಸಂಜೆಯಾದರೂ ಒದ್ದೆಯಂತೆ.

“ಮಳೆ ಜೋರಲ್ವಾ, ಗಾಳಿಯಲ್ಲೇ ನೀರು,” ಎಂದೆ ನಾನು. ದಮಯಂತಿಯಕ್ಕ ನನ್ನತ್ತ ನೋಡಿ ನಕ್ಕರು. ತಮ್ಮ ಕರ್ಚೀಫನ್ನು ಹಿಂಡಿ ಆ ದಾರಕ್ಕೇ ಹಾಕಿದರು. ಆಮೇಲೆ ತೃಪ್ತಿಯ ಕಿವಿಯಲ್ಲಿ, “ನಾನಿಲ್ಲಿ ಇರುವವರೆಗೆ ‘ಮನೆ’ಗೆ ದೊಡ್ಡ ದೊಡ್ಡ ಕೆಲಸ ಕೊಡ್ತಾ ಇರು. ನಿಲ್ಲಿಸಬೇಡ. ರೋಗಿಗಳ ಮಾತು ಮಾತ್ರ ಬೇಡ,” ಎಂದರು.

ತೃಪ್ತಿ ಟೈಪ್ ಮಾಡಿದಳು, ಮಾಡುತ್ತಲೇ ಇದ್ದಳು. ಪರದೆಯ ಮೇಲೆ ಉತ್ತರಗಳು ಜಲಪಾತದಂತೆ ಸುರಿದವು. ಅಷ್ಟರಲ್ಲಿ ದಮಯಂತಿಯಕ್ಕ ಪ್ಯಾಂಟ್ರಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹರಟಿದರು. ಹರಟೆಯೆಲ್ಲ ಕಳೆದ ವಾರದ ಮಂಗಳವಾರದ ಸುತ್ತಲೇ ಸುತ್ತಿತು. ಲೋಕಲ್ ಟ್ರೇನುಗಳೇ ನಿಂತುಹೋದ ಮಹಾಮಳೆಯ ದಿನ ಅದು.

“ಯಾಕೆ ಆ ದಿನ?” ಎಂದು ಪಿಸುಗುಟ್ಟಿದೆ.

“‘ಮನೆ’ ಚುರುಕಾದದ್ದು ಆ ದಿನದಿಂದ.”

ತೃಪ್ತಿ ಆ ದಿನ ಬೆಳಿಗ್ಗೆ ಠಾಣೆಯ ಆಸ್ಪತ್ರೆಯಲ್ಲಿದ್ದಳು, ಡಾಕ್ಟರರೇ ಸಾಕ್ಷಿ. ಶೈಲೇಶ್ ನಡೆದುಕೊಂಡೇ ಆಫೀಸಿಗೆ ಬಂದಿದ್ದ. “ಬೀಗ ಆಗಲೇ ತೆಗೆದಿತ್ತು. ತೃಪ್ತಿ ಬಂದು ಹೋಗಿರಬೇಕು ಅಂದ್ಕೊಂಡೆ. ಒಳಗೆ ಯಾರೂ ಇರಲಿಲ್ಲ, ನಾನು ನನ್ನ ಕ್ಯಾಬಿನ್‌ಗೆ ಹೋಗಿ ಫೋನಲ್ಲಿ ಕೂತೆ,” ಎಂದ. ಬೀಗದ ಕೈ ತೃಪ್ತಿ, ಶೈಲೇಶ್, ಯೋಗೀಶ್ ಮೂವರಲ್ಲಿತ್ತು. ಯೋಗೀಶ್, “ನಾನು ಡೊಂಬಿವ್ಲಿಯಲ್ಲೇ ಸಿಕ್ಕಿಬಿದ್ದಿದ್ದೆ ಮೇಡಂ. ಟ್ರೇನ್ ಶುರುವಾದ ಮೇಲೆ ಬಂದದ್ದು. ಮಾನಸಿಗಿಂತ ಒಂದು ಟ್ರೇನ್ ಮುಂಚೆ,” ಎಂದ.

ಮಾನಸಿ ದಿವಾ ಹತ್ತಿರ ನಿಂತ ಟ್ರೇನಿನಲ್ಲೇ ಅರ್ಧ ದಿನ ಕಳೆದು ಮಧ್ಯಾಹ್ನ ಬಂದಿದ್ದಳು. ಲ್ಯಾಪ್‌ಟಾಪ್ ಅವಳ ಬಳಿ ಇರಲಿಲ್ಲ. ರೋಗಿಗಳ ಗುಟ್ಟಿನ ಸಲುವಾಗಿ ಯಾರ ಲ್ಯಾಪ್‌ಟಾಪೂ ಆಫೀಸು ಬಿಟ್ಟು ಹೋಗಬಾರದೆಂಬ ನಿಯಮವಿತ್ತು. “ಯೋಗೀಶ್ ಸರ್ ಬಹುತ್ ಅಚ್ಛೇ ಹೈ,” ಎಂದು ಅವಳು ಮೂಗು ಒರೆಸಿಕೊಂಡಳು. “ನಾನು ಸೇರಿದಾಗ ಮೇರಾ ಲ್ಯಾಪ್‌ಟಾಪ್ ಉನ್ಹೋನೇ ಸೆಟಪ್ ಕಿಯಾ. ಉಸ್ ದಿನ್ ಭೀ, ನಾನು ಪೂರಾ ಭೀಗೀ ಹುಯೀ, ಅವರು ತಮ್ಮ ರೇನ್‌ಕೋಟ್ ಕೊಟ್ಟು ಹೇಳಿದ್ರು, ಠಂಡಿ ಲಗೇಗಿ, ಪೆಹೆನ್ ಲೋ. ಏಕ್‌ದಮ್ ಸೂಖಾ ಥಾ.”

“ಪೂರ್ತಿ ಒಣಗಿತ್ತಾ ರೇನ್‌ಕೋಟು?”

“ಹಾಂ. ಇಸ್ತ್ರಿ ಮಾಡಿದ ಹಾಗೆ.”

ಹೊರಡುವಾಗ ದಮಯಂತಿಯಕ್ಕ ದಾರದ ಮೇಲಿಂದ ಕರ್ಚೀಫು ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟರು. ಹಾಕಿದಾಗ ಹೇಗಿತ್ತೋ ಹಾಗೇ ಒದ್ದೆ, ತಣ್ಣಗೆ.

“ಈಗೆಲ್ಲಿಗೆ?”

“ಕಲ್ಯಾಣಕ್ಕೆ. ಯಾರ ಮಾತು ಕದ್ದರೋ ಅವರನ್ನು ನೋಡುವುದು ಬೇಡವಾ?”

ಠಾಣೆಯಲ್ಲಿ ಟ್ರೇನು ಬದಲಿಸಿ ಕಲ್ಯಾಣ ಮುಟ್ಟಿದೆವು. ಸ್ಟೇಷನ್ನಿನ ಗಲಾಟೆಗೆ ಎರಡೇ ಓಣಿ ಆಚೆ ದೇವದಾಸರ ಹೋಟೆಲು, ಮೇಲೆಯೇ ಮನೆ. ದೇವದಾಸ್ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಿಟಕಿಯ ಬಳಿ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು, ಕೈಮುಗಿದು, ಕೆಳಗಿನ ಹೋಟೆಲಿಗೆ ಕೇಳಿಸುವಂತೆ ನೆಲಕ್ಕೆ ಕಾಲು ಬಡಿದರು. ಚಹಾ ಬಂತು. ಮಾತಿಲ್ಲದ ಮನುಷ್ಯ ಹೋಟೆಲು ನಡೆಸುತ್ತಿದ್ದ ಬಗೆ ಅದು.

ಅವರ ಹೆಂಡತಿ ಸುಂದರಿ ಮಾತಿಗೆ ಸಿಕ್ಕಿದರು. “ಆ ಯೋಗೀಶ್ ಇದ್ದಾನಲ್ಲ, ಚಿನ್ನದಂಥ ಹುಡುಗ. ಮೊನ್ನೆ ಶನಿವಾರ ಅವನಾಗಿಯೇ ಬಂದಿದ್ದ. ಇವರ ಮಾತು ಬೇರೆ ಎಲ್ಲಾದ್ರೂ ರೆಕಾರ್ಡ್ ಆಗಿದೆಯಾ, ಮದುವೆ ವೀಡಿಯೋ ಏನಾದ್ರೂ ಉಂಟಾ ಅಂತ ಕೇಳಿದ. ಮದುವೆ ಕ್ಯಾಸೆಟ್ ಕೊಟ್ಟೆ. ಅದರಲ್ಲಿ ಬರೀ ಬ್ಯಾಂಡು, ಇವರು ಬಾಯಿಯೇ ಬಿಟ್ಟಿಲ್ಲ. ಪಾಪ, ಅವನ ಮುಖ ಸಣ್ಣ ಆಯ್ತು.”

ದಮಯಂತಿಯಕ್ಕ ಚಹಾದ ಲೋಟ ಕೆಳಗಿಟ್ಟರು. ಲೋಟದಲ್ಲಿ ಅರ್ಧ ಚಹಾ ಹಾಗೇ ಇತ್ತು. ಅವರು ಚಹಾ ಬಿಟ್ಟರೆಂದರೆ ಒಗಟು ಬಿಡಿಸಿದರೆಂದೇ ಅರ್ಥ. ಆದರೆ ಅವರ ಮುಖದಲ್ಲಿ ಎಂದಿನ ಗೆಲುವು ಇರಲಿಲ್ಲ.

“ನಾಳೆ ಮಧ್ಯಾಹ್ನ ನೀವಿಬ್ಬರೂ ಸಾನಪಾಡಾಕ್ಕೆ ಬರಬೇಕು ಸುಂದರಕ್ಕ,” ಎಂದರು. “ಕಷ್ಟದ ಮಾತೊಂದು ಉಂಟು. ನಿಮ್ಮ ಎದುರೇ ಆಗಲಿ.”

ಗುರುವಾರ ಊಟದ ನಂತರ ಎಲ್ಲರೂ ಆಫೀಸಿನಲ್ಲಿ ಸೇರಿದೆವು. ದೇವದಾಸ್ ಮತ್ತು ಸುಂದರಿ ಮುಂದಿನ ಕುರ್ಚಿಗಳಲ್ಲಿ, ತೃಪ್ತಿ ತನ್ನ ಲ್ಯಾಪ್‌ಟಾಪಿನ ಮುಂದೆ. ಶೈಲೇಶ್ ಗಡಿಯಾರ ನೋಡುತ್ತ ನಿಂತಿದ್ದ. ಮಾನಸಿ ಬಾಗಿಲ ಬಳಿ. ಯೋಗೀಶ್ ಕಪಾಟಿಗೆ ಒರಗಿಕೊಂಡಿದ್ದ.

ದಮಯಂತಿಯಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರ ಕಪಾಟಿಗೆ ಹೋದರು. ಜಾಲರಿ ಬಾಗಿಲು ತೆಗೆದು, ಮಷೀನಿನ ಪ್ಲಗ್ಗಿಗೆ ಕೈ ಹಾಕಿದರು.

“ಮೇಡಂ! ಏನ್ ಮಾಡ್ತಿದೀರಾ?” ಎಂದು ಶೈಲೇಶ್ ಕೂಗಿದ.

“ಆಂಟಿ, ಬೇಡ! ನಾಳೆ ಪರೀಕ್ಷೆ!” ಎಂದು ತೃಪ್ತಿ ಎದ್ದಳು. ಮಾನಸಿಯೂ “ನಕೋ, ನಕೋ!” ಎಂದಳು.

ಪ್ಲಗ್ಗು ಕಿತ್ತು ಬಂತು. ಮಷೀನಿನ ದೀಪ ಆರಿತು.

“ತೃಪ್ತಿ, ಈಗ ‘ಮನೆ’ಯನ್ನು ಏನಾದರೂ ಕೇಳು,” ಎಂದರು ದಮಯಂತಿಯಕ್ಕ.

“ಏನು ಕೇಳುವುದು? ಅದು ಸತ್ತುಹೋಗಿದೆಯಲ್ಲ!”

“ಕೇಳು.”

ತೃಪ್ತಿ ‘ಮನೆ’ಯನ್ನು ಆರಿಸಿ, ‘ನೀನು ಇದ್ದೀಯಾ?’ ಎಂದು ಟೈಪ್ ಮಾಡಿದಳು. ನಾವೆಲ್ಲ ಅವಳ ಬೆನ್ನ ಹಿಂದೆ ನುಗ್ಗಿದೆವು. ‘ಮನೆ’ಯ ಮುಂದಿನ ಹಸಿರು ಚುಕ್ಕೆ ಮಿನುಗಿತು. ಮರುಕ್ಷಣ ಪರದೆಯ ಮೇಲೆ ಅಕ್ಷರಗಳು ಓಡಿಬಂದವು: ‘ಇದ್ದೇನೆ. ಏನು ಸಹಾಯ ಬೇಕು?’

ಸುಂದರಿ “ದೇವರೇ!” ಎಂದರು. ಶೈಲೇಶನ ಬಾಯಿ ತೆರೆದದ್ದು ತೆರೆದೇ ಇತ್ತು.

“ಬೀಗ ಹಾಕಿದ ಮನೆಯೊಳಗಿಂದ ಯಾರೋ ಮಾತಾಡಿದ್ರೆ ಎರಡೇ ಅರ್ಥ,” ಎಂದರು ದಮಯಂತಿಯಕ್ಕ. “ಒಂದೋ ದೆವ್ವ, ಇಲ್ಲವೋ ನಾವು ತಟ್ಟಿದ್ದು ಬೇರೆ ಮನೆಯ ಬಾಗಿಲು. ನೀವೆಲ್ಲ ಬಾಗಿಲ ಮೇಲಿನ ಹೆಸರು ನೋಡಿದಿರಿ. ಹೆಸರು ಯಾರೂ ಏನೂ ಬರೆಯಬಹುದು. ಅದರ ಹಿಂದೆ ವಿಳಾಸ ಉಂಟಲ್ಲ, ಅದನ್ನು ತೆಗೆದು ನೋಡು ತೃಪ್ತಿ.”

ತೃಪ್ತಿ ಪ್ರೊವೈಡರ್ ಸೆಟ್ಟಿಂಗ್ ತೆರೆದಳು. ಹೆಸರು: ಮನೆ. ಕೆಳಗೆ ಪ್ರಶ್ನೆಗಳು ಹೋಗಬೇಕಾದ ವಿಳಾಸ. ಅವಳು ಅದನ್ನು ಎರಡು ಸಲ ಓದಿದಳು. “ಇದು ನಮ್ಮ ಮಷೀನಿನದ್ದಲ್ಲ. ಹೊರಗೆ ಯಾವುದೋ ಬಾಡಿಗೆ ಮಷೀನಿನದ್ದು! ಒಂದು ವಾರದಿಂದ ರೋಗಿಗಳ ಮಾತೆಲ್ಲ...”

“ಯಾರು ಬದಲಾಯಿಸಿದ್ದು ಅಂತ ಅದರಲ್ಲೇ ಬರುತ್ತೆ,” ಎಂದು ಶೈಲೇಶ್ ಬಾಗಿದ. “ಕಳೆದ ವಾರ ಮಂಗಳವಾರ ಬೆಳಿಗ್ಗೆ. ಮಾನಸಿಯ ಲ್ಯಾಪ್‌ಟಾಪಿಂದ, ಮಾನಸಿಯ ಹೆಸರಲ್ಲಿ! ನಾನ್ ಹೇಳ್ಲಿಲ್ವಾ?”

“ಮೈನೇ ನಹೀ ಕಿಯಾ!” ಎಂದು ಮಾನಸಿ ಚೀರಿದಳು.

“ಅವಳು ಮಾಡಿಲ್ಲ,” ಎಂದರು ದಮಯಂತಿಯಕ್ಕ. “ಮಂಗಳವಾರ ಬೆಳಿಗ್ಗೆ ಅವಳು ದಿವಾ ಹತ್ತಿರ ಟ್ರೇನಿನಲ್ಲಿ, ಲ್ಯಾಪ್‌ಟಾಪ್ ಇಲ್ಲಿ ಮೇಜಿನ ಮೇಲೆ. ಅಂದ್ರೆ ಅವಳ ಲ್ಯಾಪ್‌ಟಾಪ್ ತೆರೆಯಬಲ್ಲ ಯಾರೋ ಆಗ ಆಫೀಸಿನಲ್ಲಿದ್ದರು. ಶೈಲೇಶ್, ನಿಮಗೆ ಅವಳ ಪಾಸ್‌ವರ್ಡ್ ಗೊತ್ತುಂಟಾ?”

“ನನಗೆ ನನ್ನದೇ ನೆನಪಿರಲ್ಲ ಮೇಡಂ.”

“ಇರಲಿ. ನೀವು ಬರುವಾಗ ಬೀಗ ತೆಗೆದಿತ್ತು. ತೃಪ್ತಿ ಆಸ್ಪತ್ರೆಯಲ್ಲಿದ್ದಳು. ಬೀಗದ ಕೈ ಇರುವ ಮೂರನೆಯವರು ಡೊಂಬಿವ್ಲಿಯಲ್ಲಿ ಸಿಕ್ಕಿಬಿದ್ದಿದ್ದೆ ಅಂತಾರೆ. ಮಾನಸಿಗಿಂತ ಒಂದೇ ಟ್ರೇನು ಮುಂಚೆ ಬಂದವರು. ಅವಳು ತೊಟ್ಟಿಕ್ಕುತ್ತಾ ಬಂದಾಗ ಅವರ ರೇನ್‌ಕೋಟು ಇಸ್ತ್ರಿ ಮಾಡಿದ ಹಾಗೆ ಒಣಗಿತ್ತು! ಆ ಮಳೆಯಲ್ಲಿ ಆಗ ತಾನೇ ಬಂದವರ ರೇನ್‌ಕೋಟು ಒಣಗಿರುವುದು ಹೇಗೆ? ರೇನ್‌ಕೋಟು ಬೆಳಗಿನಿಂದ ಇಲ್ಲೇ ನೇತಾಡಿ ಒಣಗಿತ್ತು. ಅದರ ಯಜಮಾನರೂ ಬೆಳಗಿನಿಂದ ಇಲ್ಲೇ ಇದ್ದರು. ಮಾನಸಿಯ ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟವರೂ ಅವರೇ.”

ಎಲ್ಲರ ಕಣ್ಣೂ ಯೋಗೀಶನ ಕಡೆ ತಿರುಗಿತು. ಅವನು ನೆಲ ನೋಡುತ್ತಿದ್ದ.

“ಸುಮ್ಮನೆ ರೇನ್‌ಕೋಟಿನ ಮೇಲೆ ಯಾರನ್ನೂ ಹಿಡಿಯಲಿಕ್ಕಾಗುವುದಿಲ್ಲ,” ಎಂದು ದಮಯಂತಿಯಕ್ಕ ಮುಂದುವರಿಸಿದರು. “ಮಾನಸಿಯ ಸಾಕ್ಸಿಗೆ ಬನ್ನಿ. ಮೊದಲು ಒಣಗುತ್ತಿತ್ತು, ಈಗ ಒಣಗುವುದಿಲ್ಲ. ಭುಜಂಗಣ್ಣ ಮಳೆಯ ಮೇಲೆ ದೂರು ಹಾಕಿದರು. ನಾನು ಕರ್ಚೀಫು ಹಾಕಿ, ತೃಪ್ತಿಯಿಂದ ರಾಶಿ ಕೆಲಸ ಕೊಡಿಸಿದೆ. ಉತ್ತರ ಬಂತು, ಬಿಸಿ ಮಾತ್ರ ಬರಲಿಲ್ಲ. ಅಡುಗೆ ತಯಾರಾಗ್ತಾ ಉಂಟು, ಒಲೆ ತಣ್ಣಗೆ ಉಂಟು! ಹಾಗಾದ್ರೆ ಅಡುಗೆ ಬೇರೆ ಕಡೆಯಿಂದ ಬರ್ತಾ ಉಂಟು. ಆದರೆ ಯೋಗೀಶ್ ಹೇಳಿದ್ದೇನು? ಈ ಮಷೀನಿಗೆ ಹಗುರದ ಮಾಡೆಲ್ ಹಾಕಿದ್ದೇನೆ, ಅದಕ್ಕೇ ಚುರುಕು ಅಂತ. ಹಗುರವೋ ಭಾರವೋ, ಅಷ್ಟು ಕೆಲಸ ಮಾಡಿದ ಮಷೀನು ಬಿಸಿಯಾಗಲೇಬೇಕು. ಅವರು ಹೇಳಿದ್ದು ಸುಳ್ಳು. ಬೇರೆ ಯಾರೋ ವಿಳಾಸ ಬದಲಿಸಿ ಇವರಿಗೂ ಮೋಸ ಮಾಡಿದ್ದರೆ, ಇವರು ಸುಳ್ಳು ಕಾರಣ ಕಟ್ಟಿ ಹೇಳ್ತಿರಲಿಲ್ಲ. ಈಗ ನಾನು ಪ್ಲಗ್ ಕಿತ್ತಾಗ ಎಲ್ಲರೂ ಕೂಗಿದ್ರಿ. ಮಷೀನಿನ ಜವಾಬ್ದಾರಿ ಯಾರದ್ದೋ ಅವರೊಬ್ಬರೇ ಕೂಗಲಿಲ್ಲ. ಅದು ಖಾಲಿ ಅಂತ ಅವರಿಗೆ ಗೊತ್ತಿತ್ತು.”

“ಖಾಲಿ ಅಂದ್ರೆ?” ಎಂದಳು ತೃಪ್ತಿ ಮೆಲ್ಲಗೆ.

ದಮಯಂತಿಯಕ್ಕ ದೇವದಾಸರ ಮುಂದೆ ಬಂದು ಕುಳಿತರು. ಅವರ ಧ್ವನಿ ಮೆತ್ತಗಾಯಿತು. “ಮೇಲ್ ಬರೆದವರು ದುಡ್ಡು ಕೇಳಲಿಲ್ಲ. ಶುಕ್ರವಾರ ಬೇಡ ಅಂದರು, ಅಷ್ಟೇ. ಶುಕ್ರವಾರ ಏನಾಗಬೇಕಿತ್ತು? ನಿಮ್ಮ ದನಿ ಕೇಳಬೇಕಿತ್ತು. ದನಿ ರೆಕಾರ್ಡ್ ಮಾಡಿ ಇಟ್ಟುಕೊಂಡವನು ನಿಮ್ಮ ಮನೆಗೆ ಬಂದು ಬೇರೆ ರೆಕಾರ್ಡ್ ಉಂಟಾ ಅಂತ ಯಾಕೆ ಹುಡುಕಬೇಕು? ತನ್ನ ಕೈಯಲ್ಲಿದ್ದದ್ದು ಕಳೆದುಹೋಗಿದ್ದರೆ ಮಾತ್ರ.”

ಯೋಗೀಶ್ ಕಪಾಟಿಗೆ ಒರಗಿದ್ದಲ್ಲೇ ನೆಲದ ಮೇಲೆ ಕುಳಿತ.

“ನಕಲು ತೆಗೆಯುತ್ತಿದ್ದೆ,” ಎಂದ. “ಕಳೆದ ವಾರ ಸೋಮವಾರ. ‘ಮನೆ’ಯೊಳಗೆ ದನಿಗಳೆಲ್ಲ ಇದ್ದ ಡಿಸ್ಕಿನಿಂದ ಹೊಸ ಡಿಸ್ಕಿಗೆ. ಮೂಲ ಯಾವುದು, ನಕಲು ಯಾವುದು ಅಂತ ಉಲ್ಟಾ ಕೊಟ್ಟುಬಿಟ್ಟೆ. ಖಾಲಿ ಡಿಸ್ಕು ತುಂಬಿದ್ದರ ಮೇಲೆ ಕೂತಿತು. ಎಲ್ಲ ಹೋಯ್ತು. ಅಳಿಸಿದ್ದನ್ನು ವಾಪಸ್ ತರಬೇಕಾದ್ರೆ ಆ ಮಷೀನನ್ನು ಮುಟ್ಟಬಾರದು, ಅದರ ಮೇಲೆ ಬೇರೆ ಏನೂ ಬರೆಯಬಾರದು. ಅದಕ್ಕೇ ಮಂಗಳವಾರ ಬೈಕಿನಲ್ಲಿ ಶೀಲ್‌ಫಾಟಾ ರಸ್ತೆಯಿಂದ ಬಂದು ‘ಮನೆ’ಯ ವಿಳಾಸ ಬದಲಿಸಿದೆ. ಶೈಲೇಶ್ ಬರುವ ಸದ್ದು ಕೇಳಿ ರೇನ್‌ಕೋಟು ಇಲ್ಲೇ ಬಿಟ್ಟು ಹಿಂದಿನ ಮೆಟ್ಟಿಲಿಂದ ಇಳಿದು, ಟ್ರೇನ್ ಶುರುವಾಗುವವರೆಗೆ ಕೆಳಗೇ ನಿಂತಿದ್ದೆ. ಯಾರಿಗೂ ಗೊತ್ತಾಗುವ ಮೊದಲು ವಾಪಸ್ ತರ್ತೇನೆ ಅಂದ್ಕೊಂಡಿದ್ದೆ. ವಾಶಿಯಲ್ಲಿ ತೋರಿಸಿದೆ, ಠಾಣೆಯಲ್ಲಿ ತೋರಿಸಿದೆ. ಬರಲಿಲ್ಲ.”

“ನನ್ನ ಲ್ಯಾಪ್‌ಟಾಪ್ ಯಾಕೆ?” ಎಂದಳು ಮಾನಸಿ. ನಾನು ಅವಳ ಬಾಯಲ್ಲಿ ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

“ನನ್ನ ಹೆಸರು ಬರಬಾರದಿತ್ತು,” ಎಂದ ಯೋಗೀಶ್. “ಬೇರೆಯವರ ದನಿ ಮತ್ತೆ ರೆಕಾರ್ಡ್ ಮಾಡಬಹುದು, ಅವರ ಆಪರೇಷನ್ ಇನ್ನೂ ಆಗಿಲ್ಲ. ದೇವದಾಸ್ ಅಂಕಲ್‌ದು ಮಾತ್ರ... ಶುಕ್ರವಾರ ಬರುವುದನ್ನು ತಡೆಯಲಿಕ್ಕೆ ಬೇರೆ ದಾರಿ ಕಾಣಲಿಲ್ಲ. ತೃಪ್ತಿ ಟೈಪ್ ಮಾಡಿದ್ದೆಲ್ಲ ಆ ಬಾಡಿಗೆ ಮಷೀನಿನಲ್ಲಿ ನನಗೆ ಕಾಣ್ತಿತ್ತು. ಅದನ್ನೇ ಹಾಕಿ ಮೇಲ್ ಬರೆದೆ. ಪೇಪರಿಗೆ ಕೊಡುವ ಮನಸ್ಸು ಖಂಡಿತ ಇರಲಿಲ್ಲ.”

ಹೊರಗೆ ಪನ್ವೇಲ್ ಲೋಕಲ್ ಸದ್ದು ಮಾಡುತ್ತ ಹೋಯಿತು. ಸುಂದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ದೇವದಾಸ್ ಎದ್ದರು. ಯೋಗೀಶನ ಮುಂದೆ ನಿಂತರು. ಹೊಡೆಯುತ್ತಾರೆಂದು ನಾನು ಹೆದರಿದೆ. ಅವರ ಮುಷ್ಟಿ ಬಿಗಿದಿತ್ತು. ಅವರು ತುಟಿ ತೆರೆದರು, ಏನೋ ಹೇಳಲು ಪ್ರಯತ್ನಿಸಿದರು, ಕತ್ತಿನ ಬಟ್ಟೆ ಮಾತ್ರ ಕದಲಿತು. ಬೈಯಲಿಕ್ಕೂ ಆ ಮನುಷ್ಯನಿಗೆ ದನಿ ಇರಲಿಲ್ಲ. ಯೋಗೀಶ್ ಅದನ್ನು ನೋಡಿದ. ಮಂಡಿಯಲ್ಲಿ ಮುಖ ಹುದುಗಿಸಿ ಬಿಕ್ಕಿದ. ದೇವದಾಸರ ಬಾಯಿಂದ ಬಾರದ ಬೈಗುಳವೇ ಅವನಿಗೆ ಎಲ್ಲ ಶಿಕ್ಷೆಗಿಂತ ದೊಡ್ಡದಾಯಿತೆಂದು ನನಗನ್ನಿಸಿತು.

ಆಗ ಮಾನಸಿ ಒಮ್ಮೆಲೇ ಸುಂದರಿಯ ಮುಂದೆ ಮಂಡಿಯೂರಿ ಕುಳಿತಳು. “ಆಂಟಿ, ಅಂಕಲ್ ಹೋಟೆಲ್ ಮೇ ನಹೀ ಹೋತೇ ಥೇ, ತಬ್ ಕಾಮ್ ಕೈಸೆ ಚಲಾತೇ ಥೇ? ಆಪರೇಷನ್ ಸೆ ಪೆಹಲೆ?”

“ಹೋಟೆಲಿನಲ್ಲಿ ಇಲ್ಲದಾಗ ಕೆಲಸ ಮಾಡಿಸುತ್ತಿದ್ದದ್ದಾ? ಫೋನಿನಲ್ಲಿ,” ಎಂದರು ಸುಂದರಿ. “ಅಡುಗೆಯವರದ್ದೊಂದು ವಾಟ್ಸಾಪ್ ಗ್ರೂಪ್ ಉಂಟು. ಇವರಿಗೆ ಟೈಪ್ ಮಾಡಲಿಕ್ಕೆ ಬೇಜಾರು. ಎಲ್ಲ ಬಾಯಲ್ಲೇ ಹೇಳಿ ಕಳಿಸುವುದು. ದಿನವಿಡೀ ಬೈಗುಳ!”

“ಇನ್ನೂ ಉಂಟಾ ಅದು?” ಎಂದು ದಮಯಂತಿಯಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. ಇದು ಅವರಿಗೂ ಹೊಳೆದಿರಲಿಲ್ಲ.

ದೇವದಾಸ್ ಜೇಬಿನಿಂದ ಫೋನ್ ತೆಗೆದು, ಗ್ರೂಪ್ ಹುಡುಕಿ, ಬೆರಳಿನಿಂದ ಮೇಲೆ ಮೇಲೆ ಸರಿಸಿದರು. ಧ್ವನಿ ಸಂದೇಶಗಳ ಸಾಲು ಮುಗಿಯಲೇ ಇಲ್ಲ. ಎರಡು ವರ್ಷದ ಹಿಂದಿನವೂ ಇದ್ದವು. ಒಂದನ್ನು ಒತ್ತಿದರು. ಒರಟಾದ, ತುಂಬುಗಂಟಲಿನ, ಜೀವ ತುಂಬಿದ ಸ್ವರ ಕೋಣೆಯಲ್ಲೆಲ್ಲ ಮೊಳಗಿತು: “ಓ ದಯಾನಂದಾ, ಸಾಂಬಾರಿಗೆ ನೀರು ಹಾಕಬೇಡ ಅಂತ ಎಷ್ಟು ಸಲ ಹೇಳುವುದಾ? ಇದು ಹೋಟೆಲಾ, ಉಲ್ಹಾಸ್ ನದಿಯಾ?”

ತೃಪ್ತಿ ಅಳುತ್ತಲೇ ನಕ್ಕಳು. “ಇಷ್ಟು ಸಾಕು! ಇಷ್ಟು ಧಾರಾಳ ಸಾಕು!” ಎಂದು ಮಾನಸಿಯನ್ನು ತಬ್ಬಿಕೊಂಡಳು. ಶೈಲೇಶ್ ಮಾನಸಿಯ ಹತ್ತಿರ ಬಂದು, ಗಟ್ಟಿ ಧ್ವನಿಯನ್ನು ಎಲ್ಲೋ ಬಿಟ್ಟು, “ಸಾರಿ ಮ್ಮ,” ಎಂದ. ಅವಳು ತಲೆಯಾಡಿಸಿದಳು, ಆದರೆ ನಗಲಿಲ್ಲ. ಅದೂ ಸರಿಯೇ.

ಶುಕ್ರವಾರದ ಪರೀಕ್ಷೆ ಮುಂದಕ್ಕೆ ಹೋಯಿತು. ತೃಪ್ತಿ ಒಬ್ಬೊಬ್ಬ ರೋಗಿಗೂ ತಾನೇ ಫೋನ್ ಮಾಡಿ, ಅವರ ಮಾತು ಆಫೀಸಿನ ಗೋಡೆ ದಾಟಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಬಾಡಿಗೆ ಮಷೀನಿನಲ್ಲಿದ್ದದ್ದೆಲ್ಲ ಅವಳ ಕಣ್ಣೆದುರೇ ಅಳಿಸಲ್ಪಟ್ಟಿತು. ಇಬ್ಬರು ರೋಗಿಗಳು ಯೋಜನೆ ಬಿಟ್ಟುಹೋದರು, ಅವಳು ತಡೆಯಲಿಲ್ಲ. ಪೊಲೀಸರ ಬಳಿ ಹೋಗುವುದೋ ಬೇಡವೋ ಎಂಬುದನ್ನು ದೇವದಾಸರಿಗೆ ಬಿಟ್ಟಳು. ಅವರು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ್ದು ಒಂದೇ ಸಾಲು: ‘ಅವನು ಮೊದಲು ನನ್ನ ಬೈಗುಳ ಕೇಳಲಿ.’

ಹಾಗಾಗಿ ಯೋಗೀಶ್ ಕೆಲಸ ಕಳೆದುಕೊಳ್ಳುವ ಮುಂಚೆ, ಒಂದು ಕೀಲಿಯೂ ಪಾಸ್‌ವರ್ಡೂ ಇಲ್ಲದೆ, ಮಾನಸಿಯ ಕೈಕೆಳಗೆ ಕುಳಿತು ಆ ಧ್ವನಿ ಸಂದೇಶಗಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಟ್ಟ. ಮಷೀನು ಮತ್ತೆ ಬಿಸಿಯಾಗಿ ಗುಯ್ಗುಡತೊಡಗಿತು.

ಪರೀಕ್ಷೆಯ ದಿನ ಠಾಣೆಯ ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರರು, ನರ್ಸುಗಳು, ನಾವೆಲ್ಲ ಕಿವಿಯಾಗಿ ನಿಂತಿದ್ದೆವು. ದೇವದಾಸ್ ಫೋನಿನಲ್ಲಿ ಏನೋ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದರು. ಸುಂದರಿಯ ಕಡೆ ತಿರುಗಿ ಗುಂಡಿ ಒತ್ತಿದರು.

“ಸುಂದರೀ, ಊಟ ಮಾಡಿದ್ಯಾ?”

ಬೈದು ಬೈದು ಕಲಿತ ದನಿಯಲ್ಲವೇ, ಅಷ್ಟು ಮೆತ್ತನೆಯ ಮಾತೂ ಗದರಿಕೆಯ ಹಾಗೆ ಹೊರಟಿತು. ಪಕ್ಕದಲ್ಲಿದ್ದ ನರ್ಸ್ ಬೆಚ್ಚಿಬಿದ್ದಳು. ಸುಂದರಿ ಮಾತ್ರ ಎರಡೂ ಕೈಯಿಂದ ಗಂಡನ ತೋಳು ಹಿಡಿದುಕೊಂಡು, “ಇವರೇ, ಇವರೇ ಡಾಕ್ಟ್ರೇ, ಮನೆಯಲ್ಲೂ ಹೀಗೇ ಕೇಳುವುದು!” ಎಂದು ನಕ್ಕು, ನಗುತ್ತಲೇ ಅತ್ತುಬಿಟ್ಟರು.